ಅವಳ ಕೈ ನೀರು

ಯಾವ ಮನೆಯಲ್ಲಿ ಏನು ನಡೀತಿದೆ ಅನ್ನೋದು ಹಾಲು ಹಾಕೋ ಹೆಂಗಸಿಗೆ ಪೊಲೀಸರಿಗಿಂತ ಮೊದಲು ಗೊತ್ತಾಗುತ್ತೆ. ಅರ್ಧ ಸೇರು ತಗೊಳ್ಳೋರು ಒಂದು ಸೇರು ಕೇಳಿದರೆ ನೆಂಟರು ಬಂದಿದ್ದಾರೆ. ಪಾವು ಸಾಕು ಅಂದರೆ ಗಂಡನ ಕೆಲಸಕ್ಕೆ ಏನೋ ಕುತ್ತು ಬಂದಿದೆ. ಪಾತ್ರೆ ಹಿಡಿಯುವಾಗ ಸೆರಗು ಮುಖಕ್ಕೆ ಅಡ್ಡ ಬಂದರೆ ರಾತ್ರಿ ಏಟು ಬಿದ್ದಿದೆ. ಇದನ್ನೆಲ್ಲ ನಾನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೊತ್ತವಳಲ್ಲ. ಹೊತ್ತಿದ್ದರೆ ಯಲಹಂಕದ ಹಳೇ ಊರಿನಲ್ಲಿ ಅಷ್ಟು ವರ್ಷ ಹಾಲು ಮಾರೋಕೆ ಆಗ್ತಿರಲಿಲ್ಲ.

ಹೋದ ತಿಂಗಳು ಬಾಗಲಕೋಟೆ ಕಡೆಯಿಂದ ಫೋನು ಬಂತು. ‘ನಮ್ಮ ಚಿಗವ್ವ ಹೋದ್ಲರಿ. ನಿಮಗ ತಿಳಿಸು ಅಂತ ಮೊದಲ ಹೇಳಿಟ್ಟಿದ್ಲು’ ಅಂದ, ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದವಳ ಅಕ್ಕನ ಮಗ.

‘ಹೆಂಗೆ ಹೋದ್ಲಪ್ಪ?’

‘ರಾತ್ರಿ ಉಂಡು ಮಲಗಿದ್ಲರಿ. ಮುಂಜಾನೆ ಏಳಲಿಲ್ಲ.’

ಉಂಡು ಹೋದಳಲ್ಲ, ಸಾಕು ಅಂದೆ. ಅದು ಯಾಕೆ ಸಾಕು ಅಂತ ಆ ಹುಡುಗನಿಗೆ ಗೊತ್ತಿಲ್ಲ. ಈಗ ಅವಳೂ ಇಲ್ಲ, ಅವಳ ಗಂಡನೂ ಇಲ್ಲ, ಅತ್ತೆಯೂ ಇಲ್ಲ. ಹೇಳಿದರೆ ನೋಯೋರು ಯಾರೂ ಉಳಿದಿಲ್ಲ. ಹೆಸರು ಮಾತ್ರ ಬರೆಯಲ್ಲ. ನಮ್ಮ ಬೀದಿಯಲ್ಲಿ ಅವಳ ಹೆಸರನ್ನ ಯಾರೂ ಕರೆದದ್ದೂ ಇಲ್ಲ. ಎಲ್ಲರಿಗೂ ರೊಟ್ಟಿಯಮ್ಮ.

ಎಪ್ಪತ್ತರ ದಶಕದಲ್ಲಿ ಅವರು ಬಂದದ್ದು. ಗಂಡನಿಗೆ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಬಾಡಿಗೆ ಕಮ್ಮಿ ಅಂತ ನಮ್ಮ ಕೊಟ್ಟಿಗೆಯ ಪಕ್ಕದ ಹೆಂಚಿನ ಮನೆ ಹಿಡಿದಿದ್ದರು. ಮೊದಲನೇ ದಿನ ಬೆಳಗ್ಗೆ ಟಪ ಟಪ ಅಂತ ಸದ್ದು ಕೇಳಿ ಯಾರೋ ಹೆಂಡತಿಗೆ ಹೊಡೀತಿದ್ದಾನೆ ಅಂತ ನಮ್ಮ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಹೋದರು. ಹೋಗಿ ನೋಡಿದರೆ ಜೋಳದ ರೊಟ್ಟಿ ಬಡೀತಿದ್ದಾಳೆ. ‘ಬರ್ರಿ ಅಣ್ಣಾರ, ಬಿಸಿ ಐತಿ’ ಅಂದಳಂತೆ. ಎರಡು ರೊಟ್ಟಿ ತಿಂದು ಹಲ್ಲು ಚುಚ್ಚಿಕೊಂಡು ಬಂದರು. ಅವಳ ಮಾತು ಕೇಳಿದರೆ ಜಗಳಕ್ಕೆ ಕರೀತಿದ್ದಾಳೆ ಅನ್ನಿಸೋದು. ಹೋದರೆ ಊಟಕ್ಕೆ ಕರೀತಿದ್ದಳು.

ನನಗೂ ಅವಳಿಗೂ ದಿನಾ ಒಂದು ವ್ಯಾಜ್ಯ. ಹಾಲು ಅಳೆದು ಹಾಕಿದ ಮೇಲೆ ಪಾತ್ರೆಗೆ ಬೆರಳು ಅದ್ದಿ, ಅವಳ ಮಾತಲ್ಲಿ ಬಟ್ಟು ಅದ್ದಿ, ಹೆಬ್ಬೆಟ್ಟಿನ ಉಗುರ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡೋಳು. ಹನಿ ನಿಂತರೆ ಹಾಲು ಗಟ್ಟಿ, ಹರಿದರೆ ನೀರು ಸೇರಿದೆ.

‘ಅಕ್ಕಾರ, ನಿಮ್ಮ ಆಕಳ ಇವತ್ತ ಭಾಳ ನೀರು ಕುಡದೈತೇನ್ರಿ?’

‘ಬ್ಯಾಸಿಗೆ ಕಣಮ್ಮ. ಅಸಾನೂ ನೀರು ಕುಡೀತದೆ, ನಾನೂ ಕುಡೀತೀನಿ. ನಿಂಗೇನು?’

‘ನೀವು ಕುಡೀರಿ. ಹಾಲಿಗೆ ಯಾಕ ಕುಡಸ್ತೀರಿ?’

ಬೇರೆಯವರು ಹೀಗೆ ಕೇಳಿದ್ದರೆ ನಾಳೆಯಿಂದ ಹಾಲಿಲ್ಲ ಅಂತಿದ್ದೆ. ಅವಳಿಗೆ ಹಾಗನ್ನೋಕೆ ಬಾಯಿ ಬರಲಿಲ್ಲ. ಮುಖ ನೋಡಿಕೊಂಡೇ ಕೇಳೋಳು, ಬೆನ್ನ ಹಿಂದೆ ಒಂದು ಮಾತೂ ಆಡ್ತಿರಲಿಲ್ಲ. ಹಿಟ್ಟಿನ ಕೈಯನ್ನ ಬಾಗಿಲ ಪಟ್ಟಿಗೆ ಒರೆಸೋ ಅಭ್ಯಾಸ ಇತ್ತು. ಎಡಗಡೆ ಪಟ್ಟಿಯಲ್ಲಿ ಸೊಂಟದ ಎತ್ತರಕ್ಕೆ ಅವಳ ಬೆರಳ ಗುರುತು ಬೆಳ್ಳಗೆ ನಿಂತುಬಿಟ್ಟಿತ್ತು. ಮಕ್ಕಳಾಗಲಿಲ್ಲ. ಯಾರಾದರೂ ಅದರ ಸುದ್ದಿ ಎತ್ತಿದರೆ ‘ಇರ್ಲಿ ಬಿಡ್ರಿ’ ಅಂತ ಒಳಗೆ ಹೋಗೋಳು. ಆ ‘ಇರ್ಲಿ ಬಿಡ್ರಿ’ ಆದ ಮೇಲೆ ಇನ್ನೊಂದು ಮಾತು ಕೇಳೋ ಗಂಡಸೂ ನಮ್ಮ ಬೀದಿಯಲ್ಲಿ ಇರಲಿಲ್ಲ.

ಗಂಡ ಸೊಂಪಾದ ಆಳು. ಭಾನುವಾರ ಜಕ್ಕೂರಿನ ಹಾರಾಟ ಕಲಿಸೋ ಮೈದಾನದಿಂದ ಸಣ್ಣ ವಿಮಾನ ಎದ್ದರೆ ಅಂಗಳಕ್ಕೆ ಬಂದು ಕತ್ತು ಎತ್ತಿ ನಿಂತುಕೊಳ್ಳೋನು. ‘ಇಳಿಯೂತನಕ ನಿಂತಿರ್ತಾರ ನೋಡ್ರಿ, ಸಾಲಿ ಹುಡುಗನಂಗ’ ಅಂತ ಇವಳು ನಗೋಳು.

ಆಮೇಲೆ ಅವನಿಗೆ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಕುಯ್ದರು, ಹೊಲಿದರು, ಮನೆಗೆ ಕರ್ಕೊಂಡು ಹೋಗಿ ಅಂದರು. ಮನೆಗೆ ಕರ್ಕೊಂಡು ಹೋಗಿ ಅಂದರೆ ಏನು ಅರ್ಥ ಅಂತ ಎಲ್ಲರಿಗೂ ಗೊತ್ತು. ಕಿಟಕಿ ಪಕ್ಕ ಮಂಚ ಹಾಕಿದರು. ನಮ್ಮ ಕೊಟ್ಟಿಗೆಗೆ ಅವನು ನರಳೋದು ಕೇಳಿಸ್ತಿತ್ತು. ನಾನು ಹುಣ್ಣಾದ ಹಸು ನೋಡಿದ್ದೀನಿ, ಕರು ಅಡ್ಡ ಸಿಕ್ಕಿಕೊಂಡ ಹಸು ನೋಡಿದ್ದೀನಿ. ಅಂಥ ಸದ್ದು ಕೇಳಿರಲಿಲ್ಲ. ಸೂಜಿ ಹಾಕಿದರೆ ಒಂದು ಊಟದ ಹೊತ್ತು ಸುಮ್ಮನಿರೋನು, ಮತ್ತೆ ಶುರು. ಒಂದು ದಿನ ಹಾಲು ಹಾಕೋಕೆ ಹೋದಾಗ ಮೇಲೆ ವಿಮಾನ ಹೋಯಿತು. ‘ನೋಡ್ರಿ ಅಕ್ಕಾರ’ ಅಂದ, ‘ಎಲ್ಲೂ ಹೋಗೂದಿಲ್ಲ ಅದು. ಅಲ್ಲೇ ಸುತ್ತತೈತಿ, ಅಲ್ಲೇ ಇಳೀತೈತಿ. ನನ್ನಂಗ.’

ಊರಿಂದ ಅವನ ತಾಯಿ ಬಂದಳು. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಎಂಬತ್ತರ ಹತ್ತಿರ ವಯಸ್ಸು. ಒಬ್ಬನೇ ಮಗ. ಮುದುಕಿಗೆ ಇದ್ದ ನಂಬಿಕೆ ಒಂದೇ: ಉಣ್ಣೋನು ಸಾಯೋದಿಲ್ಲ. ಬೆಳಗ್ಗೆ ಎದ್ದರೆ ಕಟ್ಟೆ ಮೇಲೆ ಕೂತು ಬೀದಿಗೆಲ್ಲ ಸಾರೋಳು. ‘ನನ್ನ ಮಗ ಹಾಲು ರೊಟ್ಟಿ ಉಂಡ. ತಾಟು ಖಾಲಿ ಮಾಡ್ಯಾನ.’ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕಿವುಚಿದರೆ ಅಷ್ಟು ಮಾತ್ರ ಅವನ ಹೊಟ್ಟೆ ತಡೀತಿತ್ತು. ಉಣ್ಣಿಸೋದು ಸೊಸೆ. ಉಣ್ಣಿಸುವಾಗ ಬಾಗಿಲು ಮುಂದೆ ಮಾಡ್ತಿದ್ದಳು. ನೋಡೋರ ಕಣ್ಣು ಬೀಳುತ್ತೆ ಅಂತ ಮುದುಕಿಗೆ ಹೇಳಿದ್ದಳು. ದೃಷ್ಟಿ ಆಗುತ್ತೆ ಅಂದರೆ ಮುದುಕಿ ಎದುರು ಮಾತಾಡ್ತಿರಲಿಲ್ಲ. ತಾಟು ಖಾಲಿಯಾಗಿ ಹೊರಗೆ ಬಂದರೆ ಅವಳ ಮುಖ ಬೆಳಗೋದು.

ಆ ತಾಟು ಎಲ್ಲಿ ಖಾಲಿಯಾಗ್ತಿತ್ತು ಅಂತ ನನಗೆ ಗೊತ್ತಾದದ್ದು ನನ್ನ ಹಸುವಿನಿಂದ.

ಹಾಲು ಕರೆಯೋಕೆ ಹೋದಾಗ ಕಲಗಚ್ಚಿನ ಬಾನಿಯ ಅಂಚಿನಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಮೂಸಿ ನೋಡಿದೆ. ಹಾಲು, ರೊಟ್ಟಿ. ಮೊದಲೂ ಅವಳು ಮಿಕ್ಕ ರೊಟ್ಟಿ ತಂದು ಹಾಕ್ತಿದ್ದಳು, ಒಣಗಿದ್ದು. ಇದು ಕಿವುಚಿದ್ದು. ನಾನು ಮಾರಿದ ಹಾಲು ನನ್ನ ಹಸುವಿಗೇ ವಾಪಸ್ಸು ಬಂದಿತ್ತು. ಮಾರನೇ ದಿನವೂ ಬಂತು. ಅದರ ಮಾರನೇ ದಿನ ನಾನು ಹುಲ್ಲಿನ ಹೊರೆ ಹಿಂದೆ ಕೂತೆ. ಹಿತ್ತಿಲ ಬಾಗಿಲು ತೆಗೆದುಕೊಂಡು ಸೆರಗಿನ ಕೆಳಗೆ ತಾಟು ಇಟ್ಟುಕೊಂಡು ಬಂದಳು. ಹಸುವಿನ ಮುಂದೆ ಬಗ್ಗಿ ಸುರಿದಳು. ಹಸು ನೆಕ್ಕಿ ಮುಗಿಸೋವರೆಗೂ ಅದರ ನೆತ್ತಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

‘ಏನಮ್ಮಾ ಇದು?’ ಅಂದೆ.

ಬೆಚ್ಚಿಬಿದ್ದಳು. ತಾಟು ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

‘ಅವರು ಒಲ್ಲೆ ಅಂದಾರ್ರಿ.’

‘ಕಾಯ್ಲೆಯೋರು ಒಲ್ಲೆ ಅಂತಾರೆ. ನಾವು ತುರುಕ್ಬೇಕು.’

‘ಹಂಗಲ್ರಿ. ನನ್ನ ಕೈ ತಗೊಂಡು ಅವರ ತಲಿ ಮ್ಯಾಲ ಇಟಗೊಂಡು ಆಣಿ ಮಾಡಿಸ್ಯಾರ. ಇನ್ನ ಬಾಯಿಗೆ ಏನೂ ಹಾಕಬ್ಯಾಡ, ಬಾಟ್ಲಿ ಹಚ್ಚಸಬ್ಯಾಡ, ಅವ್ವಗ ಹೇಳಬ್ಯಾಡ.’

ಹಸು ತಾಟನ್ನ ಮೂತಿಯಿಂದ ತಳ್ಳಿ ತಳ್ಳಿ ನೆಕ್ಕುತ್ತಿತ್ತು. ನಾನು ತಾಟು ಎತ್ತಿ ಸೆರಗಿನಿಂದ ಒರೆಸಿ ಅವಳ ಕೈಗೆ ಕೊಟ್ಟೆ. ಅವಳು ಅಂದಳು. ‘ನಮ್ಮೂರ ಕಡೆ ಜೈನರ ಮನ್ಯಾಗ ಹಿರೇರು ಹಿಂಗ ಊಟ ಬಿಟ್ಟು ಹೋದ್ರ ಮಂದಿ ಹೋಗಿ ಕಾಲಿಗೆ ಬೀಳ್ತಾರ್ರಿ. ಅದಕ್ಕ ವ್ರತ ಅಂತಾರ. ನಮ್ಮ ಮನ್ಯಾಗ ಹೋದ್ರ ಏನಂತಾರ?’

ಏನಂತಾರೆ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಮೊದಲು ಡಾಕ್ಟರನ್ನೇ ಕೇಳಿದ್ದನಂತೆ, ಹೋಗೋ ಹಾಗೆ ಒಂದು ಸೂಜಿ ಹಾಕಿಬಿಡಿ ಅಂತ. ಹಾಗೆಲ್ಲ ಕೇಳಬಾರದು, ನಾನು ಜೈಲಿಗೆ ಹೋಗಬೇಕಾಗುತ್ತೆ ಅಂದರಂತೆ ಅವರು. ಸರಿ, ಅವರಿಗೆ ಅವರ ಭಯ. ಅವರು ಬೇಡ ಅಂದದ್ದು ಹೆಂಡತಿ ತಲೆ ಮೇಲೆ ಬಂತು. ತಾಯಿಗೆ ಯಾಕೆ ಹೇಳಬಾರದು ಅಂದರೆ, ಮಗ ತಾನಾಗಿ ಸತ್ತ ಅಂತ ತಿಳಿದರೆ ಅವಳು ತಾಳಲ್ಲ, ಅಂಥವರಿಗೆ ಗತಿ ಇಲ್ಲ ಅಂತ ನಂಬಿದೋಳು. ‘ಅಕಿ ಕಣ್ಣಾಗ ನಾ ಪಾಪಿ ಆಗೂದು ಬ್ಯಾಡ’ ಅಂದಿದ್ದನಂತೆ. ಹಾಗಾದರೆ ಯಾರು ಆಗಬೇಕು? ಇವಳೇ. ಅವನ ನೋವು ನಾನು ಕೇಳಿದ್ದೀನಿ, ಆಡಿಕೊಳ್ಳಲ್ಲ. ಆದರೂ ಹೇಳ್ತೀನಿ, ಗಂಡಸು ತಾನು ಬಾಗಿಲು ದಾಟಿ ಹೊರಗೆ ಹೋದ, ಇವಳನ್ನ ಒಳಗೆ ಹಾಕಿ ಬೀಗ ಜಡಿದು ಹೋದ.

ತಪ್ಪೋ ಸರಿಯೋ ಅಂತ ನನ್ನ ಕೇಳಬೇಡಿ. ಕೈಲಾಗದ ಹಸುವನ್ನ ಕಟುಕನಿಗೆ ಕೊಟ್ಟರೆ ಪಾಪ, ಕೊಟ್ಟಿಗೆಯಲ್ಲಿ ಹುಳ ಬೀಳೋವರೆಗೂ ಇಟ್ಟುಕೊಂಡರೆ ಪುಣ್ಯ ಅಂತಾರೆ. ನಾನು ಎರಡನ್ನೂ ನೋಡಿದ್ದೀನಿ. ಯಾವುದು ನೋಡಿದಾಗಲೂ ಊಟ ಸೇರಿಲ್ಲ.

ಅವಳು ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬೀದಿಗೆ ಗೊತ್ತಾಗುತ್ತೆ. ಹಾಲೂ ಬಿಡಲಿಲ್ಲ. ಬಟ್ಟು ಅದ್ದಿ ನೋಡೋದನ್ನೂ ಬಿಡಲಿಲ್ಲ, ಆದರೆ ಮಾತಾಡ್ತಿರಲಿಲ್ಲ. ಮುದುಕಿ ಉಂಡು ಮಲಗೋ ಹೊತ್ತಿಗೆ ಕಾಂಪೌಂಡರ್ ಗ್ಲೂಕೋಸ್ ಬಾಟ್ಲಿ ತಂದರೆ ಬಾಗಿಲಲ್ಲೇ ನಿಲ್ಲಿಸಿ ‘ಇವತ್ತ ಬ್ಯಾಡ್ರಿ, ಆರಾಮ ಅದಾರ’ ಅಂತ ವಾಪಸ್ಸು ಕಳಿಸ್ತಿದ್ದಳು. ಒಳಗೆ ಅವನ ತುಟಿಗೆ ಒದ್ದೆ ಬಟ್ಟೆ ಒತ್ತೋಳು. ಅಷ್ಟಕ್ಕೆ ಮಾತ್ರ ಅವನು ಒಪ್ಪಿದ್ದ.

ಒಂದು ಮಧ್ಯಾಹ್ನ ಉಸಿರು ಏರುಪೇರಾಯಿತು. ಎಲ್ಲರೂ ಸೇರಿದೆವು. ಹೋಗೋರ ಬಾಯಿಗೆ ನೀರು ಬಿಡೋದು ಎಲ್ಲ ಕಡೆಯೂ ಇರೋದೇ. ಯಾರ ಕೈ ನೀರು ಕುಡಿದು ಹೋದ ಅಂತ ಆಮೇಲೂ ಕೇಳ್ತಾರೆ. ತಾಯಿ ಇದ್ದಾಗ ತಾಯಿಯೇ ಮೊದಲು. ಮುದುಕಿ ಚಮಚದಲ್ಲಿ ನೀರು ತಗೊಂಡು ‘ಬಾಯಿ ತಗಿ ನನ್ನಪ್ಪ’ ಅಂತ ಬಿಟ್ಟಳು. ನೀರು ಒಳಗೆ ಹೋಗಲಿಲ್ಲ. ತುಟಿಯ ಅಂಚಿನಿಂದ ಇಳಿದು ದಿಂಬು ನೆನೆಯಿತು. ಮತ್ತೆ ಬಿಟ್ಟಳು. ಮತ್ತೆ ಹೊರಗೆ ಬಂತು. ಮೂರನೇ ಸಲ ಬಿಡೋವಾಗ ಅವನು ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಜನ ಕೂತಿದ್ದರು. ಕಾಂಪೌಂಡರ್ ಪಾಪದ ಮನುಷ್ಯ, ಸಮಾಧಾನ ಮಾಡೋಕೆ ಹೋಗಿ ಬಾಯಿ ಬಿಟ್ಟ. ‘ನಾನು ಬಾಟ್ಲಿ ತಂದು ತಂದು ಕೊಟ್ಟೆ ಅಜ್ಜಿ. ಈಯಮ್ಮನೇ ಬೇಡ ಅಂತ ವಾಪಸ್ಸು ಕಳಿಸಿದ್ರು. ಹಾಕಿಸಿದ್ರೆ ಇನ್ನೊಂದಷ್ಟು ದಿನ ಇರೋರು.’

ಮುದುಕಿ ಅಳೋದು ನಿಲ್ಲಿಸಿದಳು. ಸೊಸೆ ಕಡೆ ತಿರುಗಿದಳು. ‘ತಾಟು ಖಾಲಿ ಆಗತಿತ್ತಲ್ಲ. ಎಲ್ಲಿ ಹೋತು ಅದು?’

ಅವಳು ತಲೆ ತಗ್ಗಿಸಿ ಕೂತಿದ್ದಳು.

‘ಯಾರು ಉಂಡ್ರು ನನ್ನ ಮಗನ ಹಾಲು ರೊಟ್ಟಿ? ನೀ ಉಂಡಿ ಏನು?’

ನಾನು ಬಾಯಿ ತೆಗೆದೆ. ಅವಳು ನನ್ನ ಕಡೆ ನೋಡಿದಳು. ಅಷ್ಟೇ. ತೆಗೆದ ಬಾಯಿ ಮುಚ್ಚಿದೆ. ‘ಆಣಿ ಮಾಡಿದಾಕಿ ನಾನು. ನೀವು ಹೇಳಿದ್ರೂ ಮುರದಂಗ’ ಅಂತ ಕೊಟ್ಟಿಗೆಯಲ್ಲಿ ಮೊದಲೇ ಹೇಳಿದ್ದಳು.

ಅವಳು ಅಳಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು, ನೋಡು, ಒಂದು ಹನಿ ಇಲ್ಲ ಅಂತ. ನಾನು ಮುದ್ದೆ ಸಾರು ತಗೊಂಡು ಹೋದೆ, ಸಾವಿನ ಮನೆಯಲ್ಲಿ ಒಲೆ ಹಚ್ಚೋ ಹಾಗಿಲ್ಲವಲ್ಲ. ಹಲ್ಲು ಕಚ್ಚಿಕೊಂಡು ಕೂತಿದ್ದಳು, ಥೇಟ್ ಅವನ ಹಾಗೆ.

‘ಬಾಯಿ ತೆಗಿ’ ಅಂದೆ.

ತಲೆ ಆಡಿಸಿದಳು.

‘ನೋಡಮ್ಮ, ದುಃಖಕ್ಕೆ ಮೇವು ಬಿಟ್ಟ ಅಸ ಯಾವುದು, ಟೈಮ್ ಬಂದು ಬಿಟ್ಟ ಅಸ ಯಾವುದು ನಂಗೆ ಗೊತ್ತು. ನಿಂಗೆ ಟೈಮ್ ಬಂದಿಲ್ಲ. ತೆಗಿ.’

ಮುದ್ದೆ ನುಂಗೋಕೆ ಬರದೆ ಅಗಿದಳು ಪೆದ್ದಿ. ನುಂಗಬೇಕು ಕಣೆ ಅಂತ ಬೈದೆ. ಒಂದು ಅರ್ಧ ತಿಂದಳು. ‘ಅತ್ತು ಬಿಡು’ ಅಂದೆ. ‘ಅತ್ತರ ಬಾಯಿ ತೆರೀತೈತ್ರಿ ಅಕ್ಕಾರ. ಬಾಯಿ ತೆರದ್ರ ಒಳಗಿಂದು ಹೊರಗ ಬರ್ತೈತಿ’ ಅಂದಳು.

ಅವತ್ತಿನಿಂದ ಮುದುಕಿ ಒಂದು ಹಟ ಹಿಡಿದಳು. ಸೊಸೆ ಕೈ ನೀರು ಕುಡಿಯಲ್ಲ. ‘ನನ್ನ ನೀರು ನನ್ನ ಮಗನ ಗಂಟಲದಾಗ ಇಳೀಲಿಲ್ಲ. ನಿನ್ನ ನೀರು ನನ್ನ ಗಂಟಲದಾಗ ಇಳಿಯೂದಿಲ್ಲ.’ ದಿನಾ ಬೆಳಗ್ಗೆ ಹಿತ್ತಾಳೆ ತಂಬಿಗೆ ಹಿಡ್ಕೊಂಡು ನಮ್ಮ ಮನೆಗೆ ಬರೋಳು. ನಾನು ತುಂಬಿಸಿ ಕೊಟ್ಟರೆ ಸಂಜೆವರೆಗೂ ಅದೇ. ಊಟ ಮಾತ್ರ ಸೊಸೆಯದ್ದೇ.

‘ಅಲ್ಲ ಅಜ್ಜಿ, ರೊಟ್ಟಿ ಬಡಿಯೋದೂ ಅದೇ ಕೈಯಲ್ವ?’ ಅಂತ ಒಂದು ಸಲ ಕೇಳಿದೆ.

‘ರೊಟ್ಟಿ ಬೆಂಕಿ ಕಂಡೈತಿ. ಬೆಂಕಿ ಕಂಡದ್ದಕ್ಕ ದೋಷ ಇಲ್ಲ. ನೀರಿಗೆ ಹತ್ತತೈತಿ.’

ಎಂಥ ನ್ಯಾಯ ನೋಡಿ. ನಗು ಬಂತು, ನಗಲಿಲ್ಲ.

ಕಾರ್ಖಾನೆಯವರು ಗಂಡನ ಕೆಲಸಕ್ಕೆ ಬದಲು ಅವಳಿಗೆ ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟರು. ನೀಲಿ ಸೀರೆ ಉಟ್ಟುಕೊಂಡು ಬೆಳಗಿನ ಬಸ್ಸಿಗೆ ಹೋಗೋಳು. ಊಟದ ಹೊತ್ತಿಗೆ ಮೇಜಿಗೆಲ್ಲ ನೀರು ಇಡೋದು ಅವಳ ಕೆಲಸ. ‘ಅಲ್ಲೆ ನೂರಾರು ಮಂದಿ ನನ್ನ ಕೈ ನೀರು ಕುಡೀತಾರ್ರಿ. ಮನ್ಯಾಗ ಒಂದ ಮುದುಕಿ ಕುಡಿಯೂದಿಲ್ಲ’ ಅಂತ ಒಂದು ದಿನ ಅಂದಳು, ನಗುತ್ತಾ. ಅವಳ ನಗು ಹಾಗೇ, ಮೂಗಿನ ಹತ್ತಿರ ಬಂದು ನಿಂತುಬಿಡೋದು.

‘ನಿನ್ನ ಅಕ್ಕನ ಊರಿಗೆ ಓಗಿ ಇರು’ ಅಂದೆ.

‘ಅತ್ತಿನ ಬಿಟ್ಟು ಹ್ಯಾಂಗ ಹೋಗ್ಲಿ? ಹೋದ್ರ ಕೊಂದಾಕಿ ಓಡಿ ಹೋದ್ಲು ಅಂತಾರ. ಇದ್ರ ದಿನಾ ಅಕಿ ಕೊಂದಾಕಿ ಅಂತಾಳ. ಮಂದಿ ಬಾಯಿಗಿಂತ ಮನಿ ಬಾಯಿ ಚಲೋ, ಇರ್ಲಿ ಬಿಡ್ರಿ.’

ಮುದುಕಿಗೂ ಹೋಗೋಕೆ ಜಾಗ ಇರಲಿಲ್ಲ. ಊರಲ್ಲಿ ಇದ್ದ ಮನೆಯ ಗೋಡೆ ಬಿದ್ದಿತ್ತು. ಒಂದು ಹೆಂಚಿನ ಮನೆಯಲ್ಲಿ ಇಬ್ಬರು ಹೆಂಗಸರು, ಎರಡು ತಂಬಿಗೆ. ಆರೇಳು ವರ್ಷ ಹಾಗೇ. ಹಬ್ಬಕ್ಕೆ ಹೋಳಿಗೆ ಮಾಡಿದರೆ ಮುದುಕಿ ತಿಂದು, ಗಂಟಲಿಗೆ ಹಿಡಿದು ಕೆಮ್ಮಿದರೂ ಪಕ್ಕದಲ್ಲಿರೋ ಸೊಸೆಯ ಲೋಟ ಮುಟ್ಟದೆ ನಮ್ಮ ಬಾಗಿಲಿಗೆ ಬರೋಳು, ಕಣ್ಣಲ್ಲಿ ನೀರು ಸುರಿಸಿಕೊಂಡು. ಇವಳು ಹಿಂದೆ ಲೋಟ ಹಿಡಿದು ನಿಂತಿರೋಳು.

ಸೊಸೆಗೆ ಜ್ವರ ಬಂದರೆ ಮುದುಕಿಯೇ ಕಷಾಯ ಕಾಯಿಸಿ ಕೊಡ್ತಿದ್ದಳು, ಅದನ್ನೂ ಹೇಳಬೇಕು. ಕೊಡೋಳು, ಬೈಯೋಳು. ‘ಕುಡಿ. ನೀ ಸತ್ತರ ನಾ ಯಾರನ್ನ ಬೈಲಿ?’

ಹತ್ತಿರದಲ್ಲೇ ಹೊಸ ಬಡಾವಣೆ ಏಳ್ತಿದ್ದ ಕಾಲ. ಅಟ್ಟೂರು ಕಡೆ ಹುಲ್ಲು ಕೊಯ್ಯೋ ಜಾಗಕ್ಕೆಲ್ಲ ಕಲ್ಲು ನೆಟ್ಟಿದ್ದರು. ನಾನು ಹುಲ್ಲು ಹುಡುಕಿಕೊಂಡು ದೂರ ಹೋಗಿ ಬಂದ ಒಂದು ದಿನ, ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ ಅಂದರು. ಸೊಂಟದ ಮೂಳೆ ಹೋಗಿತ್ತು. ಆ ವಯಸ್ಸಿಗೆ ಕೂಡಿಸೋಕೆ ಆಗಲ್ಲ ಅಂದರು. ಮಗ ಮಲಗಿದ್ದ ಮಂಚದ ಮೇಲೇ, ಅದೇ ಕಿಟಕಿ ಪಕ್ಕ ಮಲಗಿಸಿದರು. ಸೊಸೆ ಕೆಲಸಕ್ಕೆ ರಜ ಹಾಕಿ ಕೂತಳು. ಈ ಸಲ ಕಾಂಪೌಂಡರನ್ನ ಅವಳೇ ಓಡಿ ಹೋಗಿ ಕರ್ಕೊಂಡು ಬಂದಳು, ಬಾಟ್ಲಿ ಹಾಕಿಸಿದಳು. ಮುದುಕಿ ಸೂಜಿ ಕಿತ್ತು ಹಾಕಿದಳು. ಮತ್ತೆ ಹಾಕಿಸಿದಳು. ಮತ್ತೆ ಕಿತ್ತಳು.

ಹಾಲು ಹಾಕೋಕೆ ನಾನು ಒಳಗೆ ಹೋದಾಗ ಅವಳು ತಾಟು ಹಿಡಿದು ಮಂಚದ ಪಕ್ಕ ಕೂತಿದ್ದಳು. ಬಾಗಿಲು ಪೂರ್ತಿ ತೆಗೆದಿಟ್ಟಿದ್ದಳು, ಬೀದಿಗೆ ಕಾಣೋ ಹಾಗೆ.

‘ಒಂದ ತುತ್ತು ಅತ್ತಿ. ಒಂದ.’

ಮುದುಕಿ ಹಸ್ತವನ್ನ ತಾಟಿನ ಮೇಲೆ ಮುಚ್ಚಿದಳು. ‘ಒಲ್ಲೆ.’

‘ಹಂಗನಬ್ಯಾಡ್ರಿ. ಬಾಯಿ ತಗೀರಿ.’

‘ಒಲ್ಲೆ ಅಂದ್ನೆಲ್ಲ. ಸಾಕಾಗೇತಿ ನನಗ. ಬಿಡು ನನ್ನ.’

‘ಬಿಡೂದಿಲ್ಲ!’ ಅಂತ ಇವಳು ಕೂಗಿದಳು. ಅವಳು ಕೂಗಿದ್ದು ನಾನು ಅಲ್ಲಿವರೆಗೆ ಕೇಳಿರಲಿಲ್ಲ. ‘ನೀವೂ ನನ್ನ ಕೈಲಿಂದ ಹೋಗತೀರೇನು? ಒಬ್ಬರು ಹೋಗಿದ್ದ ಸಾಕು. ಬಿಡೂದಿಲ್ಲ.’

ಮುದುಕಿ ಅವಳನ್ನೇ ನೋಡ್ತಾ ಮಲಗಿದ್ದಳು. ಮೇಲೆ ಎಲ್ಲೋ ಜಕ್ಕೂರಿನ ವಿಮಾನದ ಸದ್ದು. ಆಮೇಲೆ ಕೇಳಿದಳು, ಮೆತ್ತಗೆ. ‘ಅವನೂ ಹಿಂಗ ಅಂದ್ನೇನು? ಒಲ್ಲೆ ಅಂತ?’

ಇವಳ ದವಡೆ ಅಲುಗಿತು. ತಾಟಿನ ಮೇಲಿದ್ದ ಆ ಮುದುಕಿ ಹಸ್ತವನ್ನೇ ನೋಡ್ತಿದ್ದಳು.

‘ಹಾಲಿನಮ್ಮ, ನೀ ಹೇಳು. ನಿನಗ ಗೊತ್ತಿರತೈತಿ’ ಅಂತ ಮುದುಕಿ ನನ್ನ ಕಡೆ ತಿರುಗಿದಳು.

‘ಆಲಿನ ಇಸ್ಯ ಕೇಳಿ ಅಜ್ಜಿ, ಯೋಳ್ತೀನಿ’ ಅಂದೆ.

‘ಹೂಂ. ಇಬ್ಬರೂ ಬಾಯಿ ಹೊಲಕೊಂಡೀರಿ.’ ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಅಂದುಕೊಂಡೆ. ಆಮೇಲೆ ‘ನೀರು ಕೊಡು’ ಅಂದಳು.

ನಾನು ಹಿತ್ತಾಳೆ ತಂಬಿಗೆಗೆ ಕೈ ಹಾಕಿದೆ.

‘ನಿನ್ನ ಕೈಲಿಂದ ಅಲ್ಲ. ಅಕಿ ಕೈಲಿಂದ.’

ಇವಳು ಎದ್ದು ತನ್ನ ಗಡಿಗೆಯಿಂದ ನೀರು ತಂದಳು. ಚಮಚ ತುಂಬಿ ಮುದುಕಿ ತುಟಿಯ ಹತ್ತಿರ ಹಿಡಿದಳು. ಮುದುಕಿ ಬಾಯಿ ತೆಗೆದಳು. ನೀರು ಒಳಗೆ ಹೋಯಿತು. ಕತ್ತಿನ ಸುಕ್ಕಿನಲ್ಲಿ ಗಂಟಲು ಮೇಲೆ ಹೋಗಿ ಕೆಳಗೆ ಬಂತು.

‘ಇಳೀತು ನೋಡು’ ಅಂದಳು ಮುದುಕಿ.

ಆ ವಾರದೊಳಗೆ ಹೋದಳು. ಊಟ ಮುಟ್ಟಲಿಲ್ಲ, ಆದರೆ ಸೊಸೆ ಕೈ ನೀರು ಕೊನೆವರೆಗೂ ಕುಡಿದಳು.

ಹೆಣ ಎತ್ತೋವಾಗ ರೊಟ್ಟಿಯಮ್ಮ ಅತ್ತಳು. ಅತ್ತಳು ಅಂದರೆ ಸಾಲದು. ನೆಲ ಬಡಿದುಕೊಂಡಳು, ಬಾಗಿಲ ಪಟ್ಟಿ ಹಿಡಿದುಕೊಂಡು ಕುಸಿದಳು, ದನಿ ಕಟ್ಟಿ ಹೋಗಿ ಬರೀ ಉಸಿರು ಬರೋವರೆಗೂ ಅತ್ತಳು. ಬೀದಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ‘ಗಂಡ ಓದಾಗ ಒಂದು ಅನಿ ಇಲ್ಲ. ಅಷ್ಟು ಬೈದ ಅತ್ತೆಗೆ ಇಂಗೆ ಅಳ್ತಾಳಲ್ಲ, ಎಂಥ ಸೊಸೆ!’ ಯಾರಿಗೆ ಅಳ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ನನ್ನ ಹಸುವಿಗೂ ಗೊತ್ತಿತ್ತು. ಇನ್ನು ಯಾರಿಗೂ ಗೊತ್ತಿರಲಿಲ್ಲ.

ಕರ್ಮ ಎಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ, ಮತ್ತೆ ಟಪ ಟಪ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಂದು ರೊಟ್ಟಿ ಹಿಡ್ಕೊಂಡು ಹಿತ್ತಿಲ ಬಾಗಿಲಿಂದ ಬಂದಳು. ಹಸುವಿಗೆ ಮುರಿದು ಹಾಕಿದಳು. ನಾನು ಕಾಲಿಗೆ ಹಗ್ಗ ಹಾಕಿ ಕರೆಯೋಕೆ ಕೂತಿದ್ದೆ.

‘ಅಕ್ಕಾರ, ಅತ್ತಿಗೆ ಹೇಳಬ್ಯಾಡ ಅಂತ ಆಣಿ ಇತ್ತು. ಅತ್ತಿ ಹೋದ್ಲು. ಇನ್ನ ಮುಗೀತಲ್ರಿ?’

‘ಮುಗೀತು.’

‘ಈಗ ಯಾರಿಗೆ ಹೇಳ್ಲಿ?’

ಆರೇಳು ವರ್ಷ ಬಾಯಿ ಹೊಲಿದುಕೊಂಡು, ಹೊಲಿಗೆ ಬಿಚ್ಚೋ ಹೊತ್ತಿಗೆ ಕೇಳೋರು ಇಲ್ಲ.

‘ನಂಗೆ ಯೋಳು.’

‘ನಿಮಗ ಗೊತ್ತೈತಲ್ರಿ.’

‘ನಂಗೆ ಗೊತ್ತಿರೋದು ತಾಟಿನ ಇಸ್ಯ. ಮಿಕ್ಕಿದ್ದು ಯೋಳು.’

ಬಕೆಟ್ಟು ಬೋರಲು ಹಾಕಿಕೊಂಡು ಕೂತಳು. ನಾನು ಹಾಲು ಕರೀತಾ ಹೋದೆ. ಮುಖ ನೋಡಿದರೆ ಅವಳು ಹೇಳಲ್ಲ ಅಂತ ಗೊತ್ತಿತ್ತು.

‘ಊಟ ಬಿಟ್ಟಮ್ಯಾಲ ಒಂದಿನ ಅವರು ಹಾಲು ಕೇಳಿದ್ರು ಅಕ್ಕಾರ’ ಅಂದಳು. ‘ಕಣ್ಣು ಮುಚ್ಚೇ ಇದ್ವು. ಹಾಲು, ಹಾಲು ಅಂದ್ರು. ಜ್ವರದಾಗ ಅಂದ್ರೋ, ಖರೇ ಬೇಕಾಗಿತ್ತೋ ನನಗ ತಿಳೀಲಿಲ್ಲ. ಆಣಿ ಇತ್ತು. ಹ್ಯಾಂಗ ಕೊಡ್ಲಿ? ಕೇಳಾಕತ್ತಾರ. ಹ್ಯಾಂಗ ಕೊಡದ ಇರ್ಲಿ?’

‘ಕೊಟ್ಯಾ?’

‘ಕೊಟ್ಟೆ. ಅರ್ಧ ಲೋಟ. ಗಟಗಟ ಕುಡದ್ರು. ಆಮ್ಯಾಲ ಕಣ್ಣು ತೆರದ್ರು. ಲೋಟ ನೋಡಿದ್ರು, ನನ್ನ ನೋಡಿದ್ರು. “ಆಣಿ ಮುರದಿ” ಅಂದ್ರು. ಗ್ವಾಡಿ ಕಡೆ ಹೊಳ್ಳಿದ್ರು. ಮತ್ತ ನನ್ನ ಜೋಡಿ ಮಾತಾಡಲಿಲ್ಲ. ಅದ ಕಡೀ ಮಾತು.’

ತಂಬಿಗೆ ತುಂಬಿತ್ತು, ನೊರೆ ಅಂಚಿಗೆ ಬಂದಿತ್ತು. ನಾನು ಕೆಳಗಿಡಲಿಲ್ಲ.

‘ಅತ್ತಿ ಉಪಾಸ ಕೆಡವಿ ಕೊಂದಿ ಅಂದ್ಲು. ಅವರು ಮಾತಿಗೆ ತಪ್ಪಿದಿ ಅಂದ್ರು. ಇಬ್ಬರಿಗೂ ನಾ ಕೆಟ್ಟಾಕಿ ಆದ್ನಿ. ಕೊಟ್ಟದ್ದು ತಪ್ಪೋ, ಕೊಡದ ಇದ್ದದ್ದು ತಪ್ಪೋ ಅಕ್ಕಾರ?’

ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನೋ ಜಾತಿ ನನ್ನದಲ್ಲ. ಗೊತ್ತಿದ್ದದ್ದು ಒಂದೇ ವಿಷಯ, ಅದನ್ನೇ ಹೇಳಿದೆ.

‘ಅವತ್ತಿನ ಆಲು ನಂದೇ ತಾನೆ? ಒಳ್ಳೆ ಆಲು ಕಣಮ್ಮ ಅದು. ಅವತ್ತು ನೀರು ಆಕಿರಲಿಲ್ಲ.’

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಕೈಯಿಂದ ತಂಬಿಗೆ ತಗೊಂಡಳು.

‘ಹಾಕಿದ್ರಿ ಅಕ್ಕಾರ’ ಅಂದಳು. ‘ನಾ ಬಟ್ಟು ಅದ್ದಿ ನೋಡಿದ್ದೆ.’